ಲಗ್ನಪತ್ರಿಕೆಯ ಕೊನೆಯ ಸಾಲು

"ಗುರುಗಳೇ, ತೆಗೆದುಹಾಕಿದ ಮೇಲೂ ಉಳಿಯುವುದನ್ನು ಬೇರುಸಹಿತ ಕೀಳುವುದು ಹೇಗೆ?" ಎಂದು ಸಂಪಣ್ಣ ಕೇಳಿದ.

ಅವನು ಮಠದ ಕಂಪ್ಯೂಟರಿನಿಂದ ಹಳೆಯ ಪಂಚಾಂಗದ ಪ್ರೋಗ್ರಾಮೊಂದನ್ನು ತೆಗೆದಿದ್ದ. ಪ್ರೋಗ್ರಾಮು ಹೋಗಿತ್ತು, ಅದರ ಫೈಲುಗಳು ಅಲ್ಲಲ್ಲಿ ಉಳಿದಿದ್ದವು. ಆದರೆ ಅವನ ದನಿಯಲ್ಲಿದ್ದ ದುಗುಡ ಒಂದು ಪಂಚಾಂಗಕ್ಕೆ ಹೆಚ್ಚಾಯಿತು. ಅಣ್ಣನ ಮೇಲೆ ಮುನಿಸಿಕೊಂಡು ಅವನು ಮಠಕ್ಕೆ ಬಂದು ಮೂರು ವರ್ಷ. ಅಣ್ಣನ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ.

ಮೇಜಿನ ಮೇಲೆ ಅವನೇ ಸೋಸಿ ತಂದ ಎರಡು ಲೋಟ ಚಹಾ ಇತ್ತು. ಒಂದನ್ನು ತಾನು ಕುಡಿದಿದ್ದ. ಇನ್ನೊಂದನ್ನು ಗುರುಗಳು ಎಂದಿನಂತೆ ಪಕ್ಕಕ್ಕೆ ಸರಿಸಿದರು.

"ನಾನು ಚಹಾ ಬಿಟ್ಟು ನಲವತ್ತು ವರ್ಷವಾಯಿತಪ್ಪಾ. ನಾನು ಬಿಟ್ಟ ದಿನವೇ ಎರಡು ಚಹಾ ತೋಟದವರು ಗೇಟಿಗೆ ಬೀಗ ಜಡಿದರು. ಅದಿರಲಿ, ಕತೆ ಕೇಳು" ಎಂದು ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ. ಲಗ್ನಪತ್ರಿಕೆ ಅಚ್ಚು ಹಾಕುವುದು ಅವನ ಕಸುಬು. ಅವನಿಗೊಬ್ಬ ಜೊತೆಗಾರ. ಇಬ್ಬರೂ ಸರದಿಯ ಮೇಲೆ ಟೈಪು ಮಾಡುತ್ತಿದ್ದರು. ಟೈಪಿನ ಪ್ರೋಗ್ರಾಮನ್ನು ತಂದವನು ಜೊತೆಗಾರ, ಅದಕ್ಕೆ ಮಾತು ಕಲಿಸಿದವನೂ ಅವನೇ. 'ಚಿ' ಒತ್ತಿದರೆ ಸಾಕು, 'ಚಿರಂಜೀವಿ' ಮೂಡುತ್ತಿತ್ತು. 'ಸು' ಒತ್ತಿದರೆ 'ತಮ್ಮ ಸುಖಾಗಮನ ಬಯಸುವವರು' ಎಂಬ ಕೊನೆಯ ಸಾಲು ಇಡಿಯಾಗಿ ಬಂದು ಕೂರುತ್ತಿತ್ತು. ಹನ್ನೊಂದು ವರ್ಷ ಹೀಗೆ ನಡೆಯಿತು.

ಒಂದು ದಿನ ಕಾಗದ ಅರಿಶಿನ ಬಣ್ಣದ್ದೋ ಕೆಂಪೋ ಎಂದು ಇಬ್ಬರಿಗೂ ಮಾತು ಬೆಳೆಯಿತು. ಜೊತೆಗಾರ ಚಪ್ಪಲಿ ಮೆಟ್ಟಿಕೊಂಡು ಹೊರಟ. ವ್ಯಾಪಾರಿ ತಡೆಯಲಿಲ್ಲ. 'ಅವನ ಗುರುತೇ ಬೇಡ' ಎಂದು ಪ್ರೋಗ್ರಾಮನ್ನೂ ತೆಗೆದುಹಾಕಿದ.

ಆದರೂ ಅದರ ಹೆಸರು ಅಲ್ಲಿ ಇಲ್ಲಿ ಇಣುಕುತ್ತಿತ್ತು. ವ್ಯಾಪಾರಿ ಒಬ್ಬ ರಿಪೇರಿಗಾರನನ್ನು ಕರೆಸಿದ. ಹದಿನೆಂಟು ಪೇಟೆಗಳಲ್ಲಿ ಅವನ ಸಮ ಇರಲಿಲ್ಲ. ಅವನು ಒಂದು ಅಂಗಡಿಯ ಕಂಪ್ಯೂಟರ್ ಗುಡಿಸಿದರೆ ಪಕ್ಕದ ಅಂಗಡಿಯದ್ದೂ ಚೊಕ್ಕಟವಾಗುತ್ತಿತ್ತು. ಅವನ ಹೆಸರು ಹೇಳಲಾರೆ, ನನ್ನನ್ನು ನಾನೇ ಹೊಗಳಿಕೊಂಡಂತಾಗುತ್ತದೆ.

ರಿಪೇರಿಗಾರ ಹುಡುಕುತ್ತ ಹೋಗಿ ಒಂದು ಫೈಲಿನ ಮುಂದೆ ನಿಂತ.

"ಸಾವ್ಕಾರ್ರೆ, ಪ್ರೋಗ್ರಾಮು ತಾನು ತಂದದ್ದನ್ನಷ್ಟೇ ಹೊತ್ತುಕೊಂಡು ಹೋಗಿದೆ. ಆಮೇಲೆ ಅದಕ್ಕೆ ಕಲಿಸಿದ್ದನ್ನು ಮುಟ್ಟಿಲ್ಲ. ಹನ್ನೊಂದು ವರ್ಷದ ಮಾತೆಲ್ಲ ಇಲ್ಲೇ ಇದೆ. ಇದೊಂದು ನೋಡಿ, 'ಊ' ಒತ್ತಿದರೆ 'ಊಟಕ್ಕೆ ಏಳೋ ಮಾರಾಯ' ಅಂತ ಬರೋ ಹಾಗೆ ಬರೆದಿಟ್ಟಿದ್ದಾರೆ. ಇದು ಯಾವ ಲಗ್ನಪತ್ರಿಕೆಗೆ?"

ವ್ಯಾಪಾರಿ ಆ ಸಾಲನ್ನು ಬಹಳ ಹೊತ್ತು ನೋಡಿದ.

"ಅಳಿಸು" ಎಂದ.

ರಿಪೇರಿಗಾರ ಅಳಿಸಿದ. ಕಂಪ್ಯೂಟರು ಕೊಂಡ ದಿನದಂತಾಯಿತು. ವ್ಯಾಪಾರಿ ಹೊಸ ಪ್ರೋಗ್ರಾಮು ಹಾಕಿಸಿಕೊಂಡ.

ವಾರದೊಳಗೆ ಗಂಡಿನ ತಂದೆಯೊಬ್ಬ ಐನೂರು ಪತ್ರಿಕೆಗಳ ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದ. ಹುಡುಗನ ಹೆಸರಿತ್ತು, ಮುಹೂರ್ತವಿತ್ತು. ಕೊನೆಯ ಸಾಲಿನ ಜಾಗದಲ್ಲಿ ಬರೀ 'ಸು' ಎಂದಿತ್ತು.

"ಏನ್ರೀ ಇದು? ನಮ್ಮನೆ ಮದುವೆಗೆ ಯಾರೂ ಬರೋದು ಬೇಡವಾ?"

ವ್ಯಾಪಾರಿ ಕೈಮುಗಿದು ಮತ್ತೆ ಅಚ್ಚು ಹಾಕಿಕೊಟ್ಟ. ಮುಂದಿನ ಪತ್ರಿಕೆಯಲ್ಲೂ 'ಸು'. ಅದರ ಮುಂದಿನದರಲ್ಲೂ 'ಸು'. ಅವನು ರಿಪೇರಿಗಾರನ ಮನೆಗೇ ಬಂದು, 'ನೀನು ಸರಿಯಾಗಿ ಗುಡಿಸಲಿಲ್ಲ, ಅವನು ಇನ್ನೂ ಒಳಗಿದ್ದಾನೆ' ಎಂದು ರೇಗಿದ. ರಿಪೇರಿಗಾರ ಅಂಗಡಿಗೆ ಹೋಗಿ ಮೂಲೆಮೂಲೆ ಜಾಲಾಡಿದ. ಒಂದು ಚೂರೂ ಸಿಗಲಿಲ್ಲ.

"ಕಂಪ್ಯೂಟರಿನಲ್ಲಿ ಏನೂ ಇಲ್ಲ ಸಾವ್ಕಾರ್ರೆ. ಎಲ್ಲಿ, ನಿಮ್ಮ ಕೈ ತೋರಿಸಿ" ಎಂದ.

ವ್ಯಾಪಾರಿ ತನ್ನ ಬೆರಳುಗಳನ್ನು ತಾನೇ ನೋಡುತ್ತ ಕುಳಿತ. ಒಂದಕ್ಷರ ಒತ್ತಿ ಉಳಿದದ್ದು ತಾನಾಗಿ ಬರಲಿ ಎಂದು ಆ ಬೆರಳುಗಳು ಇನ್ನೂ ಕಾಯುತ್ತಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಸಂಪಣ್ಣ ಕೇಳಿದ:

"ಹಾಗಾದರೆ ಬೆರಳಲ್ಲಿ ಉಳಿದದ್ದನ್ನು ತೆಗೆಯುವುದು ಹೇಗೆ, ಗುರುಗಳೇ?"

ಈ ಸಲ ಗುರುಗಳು ಬಡಾಯಿ ಕೊಚ್ಚಲಿಲ್ಲ. ಕೆನೆ ಕಟ್ಟಿದ್ದ ಎರಡನೆಯ ಲೋಟವನ್ನು ಅವನ ಮುಂದಕ್ಕೆ ಸರಿಸಿದರು.

"ಮೂರು ವರ್ಷದಿಂದ ದಿನಾ ಇದನ್ನು ಯಾರಿಗೆ ಸೋಸುತ್ತಿದ್ದೀಯ, ಸಂಪಣ್ಣ?"