ರೊಟ್ಟಿಗೊಂದು ಗೆರೆ

“ಅವ್ವಾ, ನಾಚಿಕೀಗಾದ್ರೂ ಕಡಿಮಿ ಆಗ್ಲಿ ಅಂತ, ದಿನಾ ಏನು ತಿಂದೆ, ಎಷ್ಟು ನಡದೆ ಅನ್ನೋದನ್ನ ಬರದು ಬಂದವರ ಮುಂದೆಲ್ಲ ಓದ್ತೀನಿ. ಪುಸ್ತಕದಾಗ ಊಟ ಇಳಿದದ, ಮೈ ಮಾತ್ರ ಇಳಿವಲ್ದು. ಯಾಕ?” ಎಂದು ದಾನವ್ವ ಕೇಳಿದಳು.

ಅವಳಿಗೆ ಮೊಣಕಾಲಿಗೆ ಎಣ್ಣೆ ತಿಕ್ಕುವ ವಿದ್ಯೆ ಕಲಿಸುತ್ತಿದ್ದ ಗುರುಸಿದ್ದವ್ವ ಕಿಟಕಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಬಾಗಿಲಾ ಮುಂದ ಮಾಡಿ ಬಾ. ಇದು ನಿನ್ನ ಕಿವಿಗಷ್ಟ. ಹೊರಗ ಬಾಯಿ ಬಿಟ್ಟಿ ಅಂದ್ರ ನಾ ಹೇಳೇ ಇಲ್ಲ ಅಂತೀನಿ.”

ದಾನವ್ವ ಬಾಗಿಲು ಮುಚ್ಚಿ ಬಂದು ಕುಳಿತಳು. ಗುರುಸಿದ್ದವ್ವ ಹೇಳತೊಡಗಿದಳು.

ಒಂದು ಓಣಿಯಲ್ಲಿ ಒಬ್ಬ ನೇಕಾರ ಹೆಂಗಸು ಇದ್ದಳು. ಅವಳದು ಕುಣಿಮಗ್ಗ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಬೇಕು. ಮೈ ಬಂದು ಬಂದು, ಕುಣಿಯಿಂದ ಏಳಬೇಕಾದರೆ ಇಬ್ಬರು ಕೈ ಹಿಡಿದು ಎತ್ತುವಂತಾಯಿತು. ಅತ್ತೆ ಒಂದೇ ಮಾತು ಹೇಳಿದಳು. ಬನ್ನಿ ಹಬ್ಬದ ದಿನ ಮಗ್ಗದ ಪೂಜೆ ಆದ ಮೇಲೆ ಯಾರ ಕೈಯನ್ನೂ ಹಿಡಿಯದೆ ಕುಣಿಗೆ ಇಳಿದು ಏಳಬೇಕು; ಇಲ್ಲವಾದರೆ ಮಗ್ಗ ನೆಗೆಣ್ಣಿಗೆ, ಮೈದುನನ ಹೆಂಡತಿಗೆ. ನೆಗೆಣ್ಣಿ ಅಂದೇ ಮಗ್ಗದ ಧೂಳು ಒರೆಸಿದಳಂತೆ. ಎಂಥವಳು ನೋಡು.

ಹಬ್ಬಕ್ಕೆ ನಲವತ್ತು ದಿನ ಇತ್ತು. ಬೆಳಗ್ಗೆ ಎರಡು ಸಲ ಊರಾಚೆಯ ಬಾವಿಯವರೆಗೆ ನಡೆಯುವುದು, ದಿನಕ್ಕೆ ನಾಲ್ಕೇ ರೊಟ್ಟಿ ಉಣ್ಣುವುದು ಎಂದು ನೇಕಾರಳು ಗುರಿ ಇಟ್ಟಳು. ರೊಟ್ಟಿಗೊಂದರಂತೆ ಅಡುಗೆಮನೆಯ ಗೋಡೆಗೆ ಸುಣ್ಣದ ಗೆರೆ ಎಳೆದಳು. ಆದರೆ ನಮ್ಮ ಹೆಂಗಸರ ಬುದ್ಧಿ ಗೊತ್ತಲ್ಲ. ಕೂತು ಉಂಡದ್ದಷ್ಟೇ ಊಟ. ಒಲೆಯ ಮುಂದೆ ನಿಂತು ಹರಿದು ಬಾಯಿಗೆ ಹಾಕಿಕೊಂಡದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಇವು ಯಾವುವೂ ಗೋಡೆ ಹತ್ತಲಿಲ್ಲ. ಹತ್ತು ದಿನಕ್ಕೆ ಅವಳಿಗೇ ಇದು ತಿಳಿಯಿತು. ಎದುರು ಮನೆಯ ಮುದುಕಿಯ ಬಳಿ ಹೋದಳು.

“ಆಯಿ, ನನ್ನ ಕೈ ನನಗ ಸುಳ್ಳು ಹೇಳ್ತದ. ನಿನ್ನ ಕಣ್ಣು ಭಾಳ ಚುರುಕು. ನಿಂತು ತಿಂದದ್ದಕ್ಕೂ ಇನ್ನ ಮ್ಯಾಲೆ ನೀನ ಗೆರಿ ಎಳಿ.”

ಕರೆಯದಿದ್ದರೂ ಇಣುಕುವವಳು ಮುದುಕಿ. ಕರೆದ ಮೇಲೆ ಕೇಳಬೇಕೆ? ಕೂತಲ್ಲಿ ಕೂರಲಾಗಲಿಲ್ಲ. ದಿನಕ್ಕೆ ಹತ್ತು ಸಲ ಎದ್ದಳು, ಕಿಟಕಿಗೆ ಹೋದಳು, ಓಣಿ ದಾಟಿದಳು. ಎದುರು ಮನೆಯಲ್ಲಿ ಒಗ್ಗರಣೆ ಸಿಡಿದ ಸದ್ದಾದರೂ ಚಪ್ಪಲಿ ಹುಡುಕಿದಳು. ಅವಳ ಸ್ವಂತ ಒಲೆಯ ಮೇಲೆ ರೊಟ್ಟಿ ಕರಕಾಯಿತು. ಗೆರೆಯನ್ನು ಸರಿಯಾಗಿಯೇ ಎಳೆದಳು, ಅದರಲ್ಲಿ ಮೋಸವಿಲ್ಲ. ಆದರೆ ಎಳೆದದ್ದು ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಲ್ಲಿಯ ಹತ್ತಿರ, “ಇವತ್ತು ಒಂಬತ್ತು” ಎಂದಳು. ಹಿಟ್ಟಿನ ಗಿರಣಿಯಲ್ಲಿ, ನೇಕಾರಳ ಮಗನ ತಟ್ಟೆಯ ಹೋಳಿಗೆ ಯಾರ ಬಾಯಿಗೆ ಹೋಯಿತೆಂದು ಹೇಳಿದಳು. ನೆಗೆಣ್ಣಿಗಂತೂ ಕೇಳದೆಯೇ ಹೇಳಿದಳು.

ನೇಕಾರಳು ನೀರಿಗೆ ಬಂದರೆ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಬಾವಿಯ ದಾರಿಯಲ್ಲೂ ನಕ್ಕರು. ಅವಳು ಆ ದಾರಿ ಬಿಟ್ಟಳು.

ಆಮೇಲೆ ಗೆರೆಗಳು ಇಳಿದವು. ಏಳಾಯಿತು, ಐದಾಯಿತು, ನಾಲ್ಕಕ್ಕೆ ಬಂದು ನಿಂತಿತು. ನನ್ನಿಂದಲೇ ಎಂದು ಮುದುಕಿ ಬೀಗಿದಳು. ಆದರೂ ನೆಮ್ಮದಿ ಇಲ್ಲ. ನಲ್ಲಿಯ ಹತ್ತಿರ ಹೇಳಲು ಏನೂ ಉಳಿಯಲಿಲ್ಲ. ಮಗ್ಗದ ಕೋಣೆಯ ಬಾಗಿಲು ಈಗೀಗ ಬಹಳ ಹೊತ್ತು ಮುಚ್ಚಿರುತ್ತಿತ್ತು. ನೇಯುತ್ತಿದ್ದಾಳೆ ಎಂದುಕೊಂಡಳು.

ಬನ್ನಿ ಹಬ್ಬ ಬಂತು. ಪೂಜೆ ಮುಗಿಯಿತು. ಮುದುಕಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ನೇಕಾರಳು ಕುಣಿಗೆ ಇಳಿದಳು. ಏಳಲು ನೋಡಿದಳು, ಆಗಲಿಲ್ಲ. ಅಂಚಿಗೆ ಕೈ ಊರಿ ಮತ್ತೆ ನೋಡಿದಳು, ಆಗಲಿಲ್ಲ. ಮೂರನೆಯ ಸಲ ಕಾಲು ತಾಗಿ ಕುಣಿಯೊಳಗೆ ಒಂದು ಡಬ್ಬಿ ಉರುಳಿತು. ಶೇಂಗಾ ಉಂಡೆಗಳು ಚೆಲ್ಲಿದವು. ಅತ್ತೆ ಮಗ್ಗದ ಲಾಳಿಯನ್ನು ನೆಗೆಣ್ಣಿಯ ಕೈಗೆ ಕೊಟ್ಟಳು.

ಮುದುಕಿ ಸುಮ್ಮನಿರುವವಳೇ?

“ಗ್ವಾಡಿ ಮ್ಯಾಲ ನಾಲ್ಕ ಗೆರಿ ಅದಾವ, ಕುಣ್ಯಾಗ ಡಬ್ಬಿ ತುಂಬ ಉಂಡಿ. ನನ್ನ ಕಣ್ಣಿಗೆ ಮಣ್ಣು ಹಾಕಿದೇನ?”

ನೇಕಾರಳು ಕುಳಿತಲ್ಲಿಂದಲೇ ತಲೆ ಎತ್ತಿ ಅವಳ ಮುಖಕ್ಕೇ ಹೇಳಿದಳು:

“ನೀ ಓಣಿಗೆಲ್ಲ ಹೇಳಾಕ ಹತ್ತಿದ ದಿನದಿಂದ ಆಯಿ, ನಾ ಊಟ ಕಡಿಮಿ ಮಾಡೂದು ಬಿಟ್ಟು ಗೆರಿ ಕಡಿಮಿ ಮಾಡೂದು ಕಲತೆ.”