ಲಕ್ಕಿ ಬರಲಿನ ಕಣಜ

ಏನಾಗಿರಬಹುದು, ನೀವೇ ಊಹಿಸಿ ನೋಡೋಣ.

ಚಳಿಗಾಲದ ಒಂದು ಮುಂಜಾನೆ. ಹೊಳೆದಂಡೆಯ ಸಣ್ಣ ಮಠ. ಅಂಗಳದಲ್ಲಿ ಎತ್ತಿನ ಗಾಡಿ ಬಂದು ನಿಂತಿದೆ. ಒಳಗೆ ಆಳೆತ್ತರದ ಒಂದು ಕಣಜ, ಲಕ್ಕಿ ಗಿಡದ ಎಳೆ ಕಡ್ಡಿ, ಅಂದರೆ ಬರಲಿನಲ್ಲಿ ಹೆಣೆದದ್ದು, ಸಿದ್ಧವಾಗಿ ಕೂತಿದೆ. ಗುರು, ಶಿಷ್ಯ, ಗಾಡಿ ತಂದ ಹೆಂಗಸು, ಮೂವರೂ ಕಣಜ ನೋಡುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ತೂತು ಬಿದ್ದಿತ್ತೆ? ಇಲ್ಲ. ಇಲಿ ಕಡಿದಿತ್ತೆ? ಅದೂ ಇಲ್ಲ. ಬೆಂಕಿ ತಗುಲಿತ್ತೆ ಅನ್ನುತ್ತೀರೇನೋ. ಅದೇನೂ ಅಲ್ಲ. ಅಷ್ಟು ಚಂದದ ಕಣಜ ಆ ಸೀಮೆಯಲ್ಲೇ ಇರಲಿಲ್ಲ.

ಹೊಳೆಯಲಿಲ್ಲವೆ? ಇರಲಿ, ಮೊದಲಿಂದ ಹೇಳುತ್ತೇನೆ. ಹೇಳದಿದ್ದರೆ ನನಗೂ ಸಮಾಧಾನವಿಲ್ಲ.

ಮಠ ಅಂದೆನಲ್ಲ, ಅದು ಒಂದೇ ಕೋಣೆ. ಮೂರು ಕಡೆ ಕಲ್ಲಿನ ಗೋಡೆ. ಹೊಳೆಯ ಕಡೆಗೆ ಮಾತ್ರ ಬರಲು ಹೆಣೆದು ಮಣ್ಣು ಮೆತ್ತಿದ ಗೋಡೆ. ಅಲ್ಲಿದ್ದವರು ಈರಯ್ಯಜ್ಜ. ಆ ಗೋಡೆ ಹೆಣೆದವರು ಅವರ ಗುರು ದೊಡ್ಡಜ್ಜ.

ದೊಡ್ಡಜ್ಜ ಅದನ್ನು ಕಣ್ಣು ಮುಚ್ಚಿಕೊಂಡು ಹೆಣೆದರಂತೆ. ಒಂದು ಕಡ್ಡಿಯೂ ತಪ್ಪಲಿಲ್ಲವಂತೆ. ಬಂದ ಭಕ್ತರು ಮೊದಲು ಗೋಡೆಗೆ ಕೈಮುಗಿದು, ಆಮೇಲೆ ಈರಯ್ಯಜ್ಜನ ಕಡೆ ತಿರುಗುತ್ತಿದ್ದರು. ಅಜ್ಜನಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ಆ ಮಠದಲ್ಲಿ ಒಂದು ವಾಡಿಕೆ. ಉಪದೇಶ ಬೇಡಿ ಬಂದವನು ಚಳಿಗಾಲದಲ್ಲಿ ಹೊಳೆದಂಡೆಯ ಲಕ್ಕಿ ಬರಲು ಕೊಯ್ದು ಒಂದು ಬುಟ್ಟಿ ಹೆಣೆಯಬೇಕು. ಆ ಬುಟ್ಟಿ ಮಠದ ಹೊರಗೆ ಹೋಗಿ ಬೇರೊಬ್ಬರ ಕೈ ಸೇರಿದ ದಿನವೇ ಉಪದೇಶ.

ಭೀಮಶಿ ಅನ್ನುವ ಹುರಿಯಾಳು ಹಾಗೆ ಬಂದ. ಇನ್ನೆರಡು ಮಠ ನೋಡಿ, ಅಲ್ಲಿಯ ಗುರುಗಳಲ್ಲಿ ಐಬು ಹುಡುಕಿ, ಬಿಟ್ಟು ಬಂದವನು.

"ಯಾವ ಬುಟ್ಟಿ ಹೆಣೀತಿ ತಮ್ಮಾ?" ಅಜ್ಜ ಕೇಳಿದರು. "ರೊಟ್ಟಿ ಬುಟ್ಟಿಯೋ, ಹೂವಿನ ಬುಟ್ಟಿಯೋ?"

"ಎಲ್ಲಾಕ್ಕಿಂತ ದೊಡ್ಡದು ಯಾವುದು ಐತ್ರಿ?"

"ಕಣಜ."

"ಅದನ್ನ ಹೆಣೀತೀನ್ರಿ."

"ಯಾಕಪ್ಪಾ ಅಷ್ಟು ದೊಡ್ಡದು?"

"ಸಣ್ಣ ಬುಟ್ಟಿ ಹೆಣೆದರ ಸಣ್ಣ ಉಪದೇಶ ಕೊಟ್ಟು ಕಳಿಸಿಬಿಟ್ಟೀರಿ ಅಂತ."

ಅಜ್ಜ ನಕ್ಕು ಕೆಮ್ಮಿ, ಕೆಮ್ಮಿ ನಕ್ಕು ಸಾಕಾದರು. ಆಚೆ ಹೊಲದ ಸಾವಂತ್ರೆವ್ವನ ಹಳೆಯ ಕಣಜವನ್ನು ಇಲಿಗಳು ಮುಗಿಸಿದ್ದವು. ಈ ಸಲದ ತೊಗರಿ ತುಂಬಲು ಹೊಸದು ಬೇಕಿತ್ತು. ಅವಳಿಗೆ ಅಂತ ಮಾತಾಯಿತು.

"ಎಳ್ಳಮಾಸಿ ಹಬ್ಬ ಮಾಡಿಕೊಂಡು ಮಾರನೇ ದಿನ ಗಾಡಿ ತರ್ತೀನಿ," ಅಂದಳು ಅವಳು. "ಆಮ್ಯಾಲ ಮಂತ್ರ ತಂತ್ರ ಅಂತ ನೆವ ಹೇಳಬ್ಯಾಡ್ರಿ ಮತ್ತ. ನನ್ನ ಕಾಳು ಅಂಗಳದಾಗ ಬೀಳ್ತಾವು."

ಭೀಮಶಿ ಅದಕ್ಕೆ ಒಂದು ತಿಂಗಳು ಮೊದಲು, ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ, ಕಣಜದ ಬುಡ ಹಾಕಿದ.

ಇಬ್ಬನಿ ಇರುವಾಗಲೇ ಬರಲು ಕೊಯ್ಯಬೇಕು. ಬಿಸಿಲೇರಿದರೆ ಅವು ಬಗ್ಗುವುದಿಲ್ಲ, ಲಟಕ್ಕನೆ ಮುರಿಯುತ್ತವೆ. ನಸುಕಿಗೆ ಎದ್ದು ಮೊಣಕಾಲು ಮಟ್ಟ ನೀರಲ್ಲಿ ನಿಂತು ಭೀಮಶಿ ಕೊಯ್ಯುತ್ತಿದ್ದ. ಕೈಬೆರಳೆಲ್ಲ ಲಕ್ಕಿ ಎಲೆಯ ಕಹಿ ವಾಸನೆ. ಅದೇ ಕೈಯಲ್ಲಿ ರೊಟ್ಟಿ ತಿಂದರೆ ರೊಟ್ಟಿಯೂ ಲಕ್ಕಿ.

ಹೆಣೆಯುವುದು ಅಂಗಳದ ಹುಣಸೆಮರದ ಕೆಳಗೆ. ಅದು ಮೊದಲಿಂದಲೂ ಬಂದ ರೂಢಿ.

ಒಂದು ದಿನ ಬಡಗಣ ಗಾಳಿ ಬೀಸಿತು ನೋಡಿ, ಹಲ್ಲಿಗೆ ಹಲ್ಲು ತಾಗುವ ಹಾಗೆ.

"ಅಜ್ಜಾರ," ಅಂದ ಭೀಮಶಿ, "ಇವತ್ತೊಂದು ದಿನ ಒಳಗ ಕೂತು ಹೆಣೀಲೇನ್ರಿ? ಬೆರಳು ಮಾತು ಕೇಳವಲ್ಲವು."

"ಬಾರೋ ಬಾ. ಒಲೀ ಮುಂದ ಜಾಗ ಐತಿ."

ಆಗಿನ್ನೂ ಕಣಜ ಹಿಟ್ಟು ನಾದುವ ಪರಾತದಷ್ಟಿತ್ತು, ಕಡ್ಡಿಗಳೆಲ್ಲ ಸಡಿಲ. ಎತ್ತಿಕೊಂಡು ಒಳಗೆ ಬಂದ.

ಮಾರನೆಯ ದಿನವೂ ಚಳಿ. ಅದರ ಮಾರನೆಯ ದಿನವೂ ಚಳಿ. ಒಲೆ ಮುಂದೆ ಗುರು ಒಂದು ಕಡೆ, ಶಿಷ್ಯ ಒಂದು ಕಡೆ, ನಡುವೆ ಬೆಳೆಯುವ ಕಣಜ. ಅಜ್ಜ ಕಥೆ ಹೇಳುವರು, ಶೇಂಗಾ ಹುರಿಯುವರು, ಶಿಷ್ಯನ ಬಾಯಿಗೂ ಎರಡು ಹಾಕುವರು. ಕಡ್ಡಿ ಸಡಿಲಾದರೆ ಬೆರಳಿಟ್ಟು ತೋರಿಸುವರು. ಅಂಥ ಸುಖದ ಚಳಿಗಾಲ ಇಬ್ಬರಿಗೂ ಹಿಂದೆಂದೂ ಬಂದಿರಲಿಲ್ಲ.

ಕಣಜ ಸೊಂಟದ ಮಟ್ಟಕ್ಕೆ ಬಂತು. ಎದೆಯ ಮಟ್ಟಕ್ಕೆ ಬಂತು. ಹೊಟ್ಟೆ ಉಬ್ಬಿಸಿಕೊಂಡು ನೆತ್ತಿಯ ಮಟ್ಟಕ್ಕೆ ಬಂತು. ಭೀಮಶಿ ಅದರ ಬಾಯಿಯ ಅಂಚು ಕಟ್ಟಿ, ಒಳಗೂ ಹೊರಗೂ ಸಗಣಿ ಮಣ್ಣು ಬಳಿದು ಒಣಗಿಸಿದ.

ಸಾವಂತ್ರೆವ್ವ ಗಾಡಿ ತಂದಳು. ಗಂಟಿನಲ್ಲಿ ಹಿಂದಿನ ದಿನದ ಹಬ್ಬದ ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಒಳಗೆ ಬಂದು ಕಣಜದ ಹೊಟ್ಟೆಗೆ ಒಮ್ಮೆ ಗುದ್ದಿ ನೋಡಿ, "ಭೇಷ್!" ಅಂದಳು. "ಎತ್ತರಿ ಇನ್ನ."

ಮೂವರೂ ಸೇರಿ ಬಾಗಿಲವರೆಗೆ ಉರುಳಿಸಿದರು.

ಈಗ ಗೊತ್ತಾಯಿತಲ್ಲ?

ಬಾಗಿಲು ಒಬ್ಬ ಮನುಷ್ಯ ತಲೆ ಬಗ್ಗಿಸಿ ಒಳಗೆ ಬರುವಷ್ಟು. ಕಣಜ ಮೂವರು ಕೈ ಕೈ ಹಿಡಿದು ಸುತ್ತುವಷ್ಟು. ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಓರೆ ಮಾಡಿ ನೂಕಿದರು. ಕಲ್ಲಿನ ಚೌಕಟ್ಟು, ಅದೇನು ಮಿಸುಕುತ್ತದೆಯೆ?

ಆಗಲೇ ಮೂವರೂ ಹಾಗೆ ಮುಖ ಮುಖ ನೋಡಿಕೊಂಡು ನಿಂತದ್ದು.

ಮೊದಲು ಸಾವಂತ್ರೆವ್ವ ನಕ್ಕಳು. ಎತ್ತುಗಳು ಬೆದರುವ ಹಾಗೆ ನಕ್ಕಳು.

"ಯಪ್ಪಾ! ಒಳಗ ಕೂತು ದೇವರನ್ನ ಕಾಣೋರಿಗೆ ಬಾಗಲಾ ಕಾಣಲಿಲ್ಲೇನ್ರೀ?"

ಭೀಮಶಿ ನಗಲಿಲ್ಲ. ಅವನ ಮುಖ ಒಮ್ಮೆಲೇ ಬೆಳಗಿತು. ಓಡಿಬಂದು ಅಜ್ಜನ ಕಾಲಿಗೆ ಬಿದ್ದ.

"ತಿಳೀತ್ರಿ ಅಜ್ಜಾರ, ತಿಳೀತು! ಕಣಜ ಅಂದ್ರ ನನ್ನ ಅಹಂಕಾರ. ಬಾಗಲಾ ಅಂದ್ರ ಮುಕ್ತಿ. ದೊಡ್ಡದಾದದ್ದು ಸಣ್ಣ ಬಾಗಲದಾಗ ಹಾಯೂದಿಲ್ಲ. ಇದೇ ಪಾಠ, ಹೌದಲ್ರೀ?"

"ಏಳೋ ತಮ್ಮಾ. ಕಣಜ ಅಂದ್ರ ಕಣಜ. ಬಾಗಲಾ ಅಂದ್ರ ಬಾಗಲಾ. ಬಾಗಲಾ ಸಣ್ಣದೈತಿ."

"ಹಂಗಲ್ರಿ. ನೀವು ಎಲ್ಲಾ ಗೊತ್ತಿದ್ದೂ ನನ್ನ ಪರೀಕ್ಷೆ ಮಾಡ್ಲಿಕ್ಕೆ ಸುಮ್ಮ ಕೂತಿದ್ರಿ."

"ಇಲ್ಲೋ."

"ಇಲ್ಲಾ ಅಂದ್ರ?"

"ನಂಗೂ ಚಳಿ ಆಗಿತ್ತು. ನಿನ್ನ ಸಂಗಡ ಮಾತಾಡೂದು ಛಲೋ ಅನಿಸ್ತಿತ್ತು. ಬಾಗಲದ ನೆನಪೇ ಬರಲಿಲ್ಲ."

ಭೀಮಶಿ ಹೊಸ್ತಿಲ ಮೇಲೆ ಕುಸಿದು ಕೂತ.

"ಬಾಗಲಾ ಮರೆಯೋ ಗುರು ನಂಗ ಏನು ತೋರಿಸ್ತಾರ?" ಅಂದ. ಅಜ್ಜನಿಗೆ ಹೇಳಿದನೋ ತನಗೇ ಹೇಳಿಕೊಂಡನೋ.



ಅವನು ಎದ್ದು ತನ್ನ ಕಂಬಳಿ ಮಡಚಿದ. ಬಟ್ಟೆಗಂಟು ಕಟ್ಟಿದ. ಮೂರನೆಯ ಮಠವನ್ನೂ ಬಿಡುವ ಹೊತ್ತು ಬಂದಿತ್ತು.

"ಹೋಗ್ತಿಯೇನಪ್ಪಾ?" ಅಜ್ಜ ಕೇಳಿದರು.

"ಹೋಗ್ತೀನ್ರಿ."

"ಹೋಗು, ಹೋಗು," ಅಂದಳು ಸಾವಂತ್ರೆವ್ವ. "ಮರೀಲಾರದ ಗುರು ಸಿಕ್ಕರ ನಂಗೂ ಹೇಳಿಕಳಿಸು, ನಮ್ಮ ಮನಿಯವರನ್ನ ಅಲ್ಲೇ ಬಿಡ್ತೀನಿ. ಹೋಗೋಕಿಂತ ಮೊದಲ ನನ್ನ ಕಣಜ ಹೊರಗ ಇಟ್ಟು ಹೋಗು. ಮುಗಲು ನೋಡು, ಮೋಡ ಆಗೈತಿ. ತೊಗರಿ ತೋಯ್ದರ ಮೊಳಕಿ ಒಡೀತಾವು."

ಅದೂ ನ್ಯಾಯವೇ. ಭೀಮಶಿ ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡ. ತಾನು ಹೆಣೆದದ್ದನ್ನು ತಾನೇ ಎರಡು ಭಾಗ ಮಾಡಿ ಹೊರಗೆ ಹಾಕಿ, ಬೇಕಾದರೆ ಅವಳೇ ಹೊಲಿದುಕೊಳ್ಳಲಿ ಅಂತ ಕೈ ಎತ್ತಿದ.

ಅಜ್ಜ ಅವನ ಮಣಿಕಟ್ಟು ಹಿಡಿದರು.

"ಕಡೀಬ್ಯಾಡ. ಅದರಾಗ ಕಾಳು ಐತಿ."

"ಖಾಲಿ ಐತಲ್ರಿ!"

"ಆಕೀ ಮುಖ ನೋಡು."

ಭೀಮಶಿ ಸಾವಂತ್ರೆವ್ವನ ಕಡೆ ನೋಡಿದ. ಅವಳ ನಗು ಎಲ್ಲೋ ಹೋಗಿತ್ತು. ಕಣಜಕ್ಕೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು.

ಕುಡುಗೋಲು ತಾನಾಗಿ ಕೆಳಗೆ ಬಂತು. ಅಜ್ಜ ಅದನ್ನು ಇಸಿದುಕೊಂಡು ನೆಟ್ಟಗೆ ಹೊಳೆಯ ಕಡೆಯ ಗೋಡೆಗೆ ಹೋದರು. ಭಕ್ತರು ವಿಭೂತಿ ಬಳಿದ ಜಾಗದಲ್ಲೇ ತುದಿ ಊರಿ, ಮಣ್ಣು ಕೆರೆಯತೊಡಗಿದರು.

"ಅಜ್ಜಾರ! ದೊಡ್ಡಜ್ಜಾರ ಗೋಡಿ ಅದು!"

"ಹೌದು."

"ಮಂದಿ ಕೈ ಮುಗೀತಾರ ಅದಕ್ಕ!"

"ಗಾಳಿ ತಡೀಲಿ ಅಂತ ಹೆಣೆದದ್ದೋ ತಮ್ಮಾ. ಮಾಡಿನ ಭಾರ ಎಲ್ಲಾ ಕಂಬದ ಮ್ಯಾಲೆ ಐತಿ, ಅಂಜಬ್ಯಾಡ. ಇವತ್ತೊಂದು ದಿನ ಗಾಳಿ ಬರಲಿ."

ಸಾವಂತ್ರೆವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಆದರೂ ಬೇಡ ಅನ್ನಲಿಲ್ಲ. ಅವಳಿಗೆ ತೊಗರಿಯ ಚಿಂತೆ.

ವರ್ಷ ವರ್ಷವೂ ಮೇಲೆ ಮೇಲೆ ಮೆತ್ತಿದ ಮಣ್ಣು. ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಬಿತ್ತು. ಒಳಗಿನ ಹೆಣಿಕೆ ಕಂಡಿತು. ಬಿಗಿಯಾದ, ಕಪ್ಪು ತಿರುಗಿದ, ನಿಜಕ್ಕೂ ಒಂದು ಕಡ್ಡಿ ತಪ್ಪದ ಹೆಣಿಕೆ. ಭೀಮಶಿ ಗಂಟು ಹೆಗಲಲ್ಲಿಟ್ಟುಕೊಂಡೇ ಹತ್ತಿರ ಬಂದು ನೋಡಿದ.

ಆಮೇಲೆ ಅಜ್ಜನ ಕೈ ನಿಂತಿತು.

ಗೋಡೆಯ ನಟ್ಟನಡುವೆ ಹೆಣಿಕೆ ಬೇರೆಯಾಗಿತ್ತು. ಕಡ್ಡಿಗಳು ಸಣ್ಣವು, ಸೊಟ್ಟಂಬಟ್ಟ, ಅವಸರದವು. ಹಳೆಯ ಹೆಣಿಕೆಯ ಕತ್ತರಿಸಿದ ತುದಿಗಳಿಗೆ ನಾರಿನಿಂದ ಬಿಗಿದು ಕಟ್ಟಿದ್ದರು. ಅದೊಂದು ತೇಪೆ. ನೆಲದಿಂದ ಆಳೆತ್ತರ, ಮೇಲೆ ದುಂಡಗೆ.

ಅಜ್ಜ ಆ ತೇಪೆಯ ಅಂಚಿಗೆ ಬೆರಳಾಡಿಸಿದರು. ತಿರುಗಿ ಕಣಜ ನೋಡಿದರು. ಮತ್ತೆ ತೇಪೆ ನೋಡಿದರು.

"ಭೀಮಶೀ, ಆ ಕಣಜ ಇಲ್ಲಿ ಉರುಳಿಸು."

ಉರುಳಿಸಿದ. ತೇಪೆಯ ಅಗಲಕ್ಕೂ ಕಣಜದ ಹೊಟ್ಟೆಗೂ ಸರಿಹೋಯಿತು. ಅಳತೆ ತೆಗೆದು ಮಾಡಿದ ಹಾಗಿತ್ತು.

ಈರಯ್ಯಜ್ಜನಿಗೆ ಮೊದಲು ಹೊಟ್ಟೆ ಕುಲುಕಿತು. ಆಮೇಲೆ ಹೆಗಲು. ಆಮೇಲೆ ಅವರು ಗೋಡೆಗೊರಗಿ ಕೂತೇಬಿಟ್ಟರು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತ.

"ದೊಡ್ಡಜ್ಜಾ! ಎಲೋ ನಮ್ಮ ದೊಡ್ಡಜ್ಜಾ! ನಿನಗೂ ಚಳಿ ಆಗಿತ್ತೇನೋ! ನೀನೂ ಒಳಗ ಕೂತು ಹೆಣೆದಿದ್ದೇನೋ!"

ಸಾವಂತ್ರೆವ್ವನಿಗೆ ಅರ್ಥವಾಗುವಷ್ಟರಲ್ಲಿ ಭೀಮಶಿಗೆ ಅರ್ಥವಾಗಿತ್ತು. ಅವನು ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಹೆಗಲ ಗಂಟು ಕೆಳಗೆ ಬಿತ್ತು, ಅವನೂ ಅದರ ಮೇಲೆ ಕೂತು ನಕ್ಕ.

ನಾರು ಬಿಚ್ಚಿದರು, ತೇಪೆ ಇಡಿಯಾಗಿ ಕೈಗೆ ಬಂತು. ಕಣಜ ಮೆಲ್ಲಗೆ ಹೊರಳಿ ಹೊಳೆದಂಡೆಗೆ ಹೋಗಿ ನಿಂತಿತು. ಮೂವರೂ ಸುತ್ತು ಹಾಕಿಸಿ ಗಾಡಿಗೇರಿಸಿ ಹಗ್ಗ ಬಿಗಿದರು.

ಸಾವಂತ್ರೆವ್ವ ಹಬ್ಬದ ಗಂಟು ಕೊಟ್ಟು, "ಮುಂದಿನ ವರ್ಷ ಒಂದು ರೊಟ್ಟಿ ಬುಟ್ಟಿ ಹೆಣೀರಿ ಸ್ವಾಮೇರ, ಕಿಡಕಿಯೊಳಗಿಂದ ಕೊಡಬಹುದು," ಅಂತ ಎತ್ತುಗಳನ್ನು ಹೊಡೆದಳು. ಗಾಡಿ ಕಾಣದಾದ ಮೇಲೂ ಅವಳ ನಗು ಕೇಳುತ್ತಿತ್ತು.

ಮಠದೊಳಗೆ ಗಾಳಿ ಹೊಕ್ಕು ಒಲೆಯ ಬೂದಿಯನ್ನೆಲ್ಲ ಎಬ್ಬಿಸಿತು.

ಭೀಮಶಿ ಹೊಳೆಗಿಳಿದ. ಮೋಡಕ್ಕೆ ಇಬ್ಬನಿ ಇನ್ನೂ ಆರಿರಲಿಲ್ಲ, ಹಸಿ ಬರಲು ಒಂದು ಹೊರೆ ತಂದ. ಹೇಳಿಸಿಕೊಳ್ಳದೆ ಗೋಡೆಯ ಹೊರಗೆ ಕೂತು, ಆ ಗಾಳಿಯಲ್ಲೇ, ಹೆಣೆಯತೊಡಗಿದ. ಅಜ್ಜ ಒಳಗಿನಿಂದ ಕಡ್ಡಿ ಎಳೆದು ಮತ್ತೆ ಹೊರಗೆ ತೂರಿ ಕೊಡುತ್ತಿದ್ದರು. ನಡುನಡುವೆ ಅದೇ ಸಂದಿನಲ್ಲಿ ಒಂದು ತುಂಡು ಕಡಬೂ ಬರುತ್ತಿತ್ತು.

ಹೆಣಿಕೆ ಮುಖದ ಮಟ್ಟಕ್ಕೆ ಬಂದಾಗ ಭೀಮಶಿ ಅಂದ:

"ಅಜ್ಜಾರ, ದೊಡ್ಡಜ್ಜಾರು ಕಣ್ಣು ಮುಚ್ಚಿ ಹೆಣೆದ್ರು ಅಂತ ನಿಮಗ ಹೇಳಿದವರು ಯಾರ್ರಿ?"

"ಊರ ಮಂದಿ. ದೊಡ್ಡಜ್ಜಾರು ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ."

"ನಾಳೆ ಮಂದಿ ಬಂದು, ಗೋಡಿ ಯಾಕ ಹಸೀ ಐತಿ ಅಂತಾರ."

"ಅಂತಾರ."

"ಏನು ಹೇಳ್ಲಿ? ಶಿಷ್ಯನ ಪರೀಕ್ಷೆ ಮಾಡಿದ್ರು ಅನ್ಲೇನು?"

"ಬ್ಯಾಡ. ಗುರು, ಶಿಷ್ಯ ಇಬ್ಬರೂ ಬಾಗಲಾ ಮರೆತಿದ್ರು ಅನ್ನು."

ಭೀಮಶಿ ಇನ್ನೊಂದು ಕಡ್ಡಿ ಬಗ್ಗಿಸಿ ತೂರಿಸಿದ. ಅದರ ತುದಿ ಒಳಗೆ ಹೋಯಿತು, ಅಜ್ಜ ಎಳೆದುಕೊಂಡರು. ಈಗ ಇಬ್ಬರ ನಡುವೆ ಒಂದು ಅಂಗೈಯಷ್ಟು ಸಂದು ಉಳಿದಿತ್ತು. ಅದರಲ್ಲಿ ಗುರುವಿನ ಒಂದು ಕಣ್ಣು, ಅರ್ಧ ಗಡ್ಡ ಕಾಣುತ್ತಿತ್ತು.

"ಅಜ್ಜಾರ, ಕಣಜ ಹೊರಗ ಹೋತು. ಉಪದೇಶ?"

ಸಂದಿನಿಂದ ಅಜ್ಜನ ಮಾತು ಬಂತು:

"ಮಂದಿಗೆ ಹೇಳುವಾಗ ಯಾವ ದಿನ ಅನ್ನೂದು ಬಿಡಬ್ಯಾಡ ತಮ್ಮಾ, ಬಿಟ್ಟರ ದೊಡ್ಡಜ್ಜಾರ ಗೋಡಿ ಹಂಗ ಇದನ್ನೂ ಪುರಾಣ ಮಾಡ್ತಾರ. ಎಳ್ಳಮಾಸಿ ಮಾರನೇ ದಿನ, ಬುಧವಾರ ಮುಂಜಾನೆ ಅನ್ನು."