ಹೆಂಟೆದಿಬ್ಬಕ್ಕೆ ಆ ಹೆಸರು ಬಂದದ್ದು

ಕಾರೆಹಳ್ಳಿಯಿಂದ ತೊರೆಕೋಟೆಗೆ ಹೋಗುವ ಬಸ್ಸು ಹಿರೇಕೆರೆಯ ಏರಿ ಹತ್ತುವ ಮುಂಚೆ ಎಡಕ್ಕೊಂದು ದಿಬ್ಬ ಸಿಗುತ್ತದೆ. ಅದೇ ಹೆಂಟೆದಿಬ್ಬ. ಸುತ್ತಲೂ ಎರೆಹೊಲ, ನೇಗಿಲು ಹಾಕಿದರೆ ಕೊಡದ ಗಾತ್ರದ ಹೆಂಟೆ ಏಳುವ ಕಪ್ಪು ನೆಲ. ದಿಬ್ಬದ ಮೇಲೆ ಮಾತ್ರ ಬರೀ ಗರಸು. ಹುಡುಕಿದರೂ ಒಂದು ಹಿಡಿ ಮಣ್ಣುಗಡ್ಡೆ ಕಾಣುವುದಿಲ್ಲ. ಇಲ್ಲದ್ದರ ಹೆಸರಿಟ್ಟುಕೊಂಡು ಮೆರೆಯುತ್ತೀರಲ್ಲ ಎಂದು ಪರಸ್ಥಳದವರು ನಮ್ಮನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಹೆಸರು ನೆಲದಲ್ಲಿ ಬೆಳೆದದ್ದಲ್ಲ, ಒಬ್ಬ ಮನುಷ್ಯ ಪ್ರಾಣಭಯದಲ್ಲಿ ಹೊತ್ತು ತಂದದ್ದು ಎನ್ನುತ್ತಾರೆ ಹಿರಿಯರು.

ಹಿಂದೆ ಒಮ್ಮೆ ಕಾರೆಹಳ್ಳಿಯನ್ನು ಬೊಮ್ಮನಾಯಕನೂ ತೊರೆಕೋಟೆಯನ್ನು ಇನ್ನೊಬ್ಬ ಪಾಳೆಯಗಾರನೂ ಆಳುತ್ತಿದ್ದರು. ಹಿರೇಕೆರೆ ತನ್ನದೆಂದು ಇವನು, ತನ್ನದೆಂದು ಅವನು. ವರ್ಷಗಟ್ಟಲೆ ಹೊಡೆದಾಡಿದರು. ಕಡೆಯ ಕಾಳಗ ನಡೆದದ್ದು ಈ ದಿಬ್ಬದ ಮೇಲೆ. ಸತ್ತವರಲ್ಲಿ ಯಾರು ಯಾವ ಕಡೆಯವರೆಂದು ಗುರುತು ಹತ್ತದೆ ಎಲ್ಲರನ್ನೂ ಅಲ್ಲೇ ಒಟ್ಟಿಗೆ ಮಣ್ಣು ಮಾಡಿದರು. ತೊರೆಕೋಟೆಯ ದೊರೆ ಅಂದು ಬಿದ್ದ. ಅವನ ಹೆಂಡತಿ ಹಾಲಮ್ಮ ನಾಗತಿ ಪಟ್ಟಕ್ಕೆ ಕೂತಳು. ಬೊಮ್ಮನಾಯಕನ ಮಂತ್ರಿ ಪಾಲಯ್ಯನ ಒಬ್ಬನೇ ಮಗ ಓಬಳನೂ ಅಂದೇ ಬಿದ್ದ. ಹೊಲ ಉಳುವುದಕ್ಕೂ ಗಂಡಸರು ಉಳಿಯದಂತಾದ ಮೇಲೆ ಎರಡೂ ಕಡೆಗೆ ಬುದ್ಧಿ ಬಂತು. ಸಂಧಾನಕ್ಕೆಂದು ಪಾಲಯ್ಯ ತೊರೆಕೋಟೆಗೆ ಹೋದ.

ಗಡಿ ಗೊತ್ತುಮಾಡಲು ಆ ಕಾಲಕ್ಕೊಂದು ಪದ್ಧತಿಯಿತ್ತು. ಒಬ್ಬನ ತಲೆಯ ಮೇಲೆ ಹಸಿ ಹೆಂಟೆ ಹೊರಿಸಿ ನಡೆಸುತ್ತಿದ್ದರು; ಅವನು ನಡೆದದ್ದೇ ಗಡಿ, ಹೆಂಟೆ ಇಳಿದಲ್ಲಿಗೆ ಗಡಿ ಮುಗಿಯಿತು. ಹೆಂಟೆ ಹೊರುವವನು ತೊರೆಕೋಟೆಯವನೇ ಆಗುತ್ತಾನೆಂದು ಪಾಲಯ್ಯ ಎಣಿಸಿದ್ದ. ಅವರ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅದಕ್ಕೇ ಕರಾರಿಗೆ ತಾನೇ ಒಂದು ಮಾತು ಸೇರಿಸಿದ: ಕೆರೆಯಾಚೆಯ ಹುಣಸೆಮರ ಮುಟ್ಟುವ ಮೊದಲು ಹೆಂಟೆ ಇಳಿಸಿದರೆ ಹೊತ್ತವನ ತಲೆ ಎದುರು ಪಕ್ಷದ ಸೊತ್ತು. ನಾಗತಿ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದಳು.

"ಆಗ್ಲಿ. ಅಂಗಾದ್ರೆ ಹೆಂಟೆ ನೀವೇ ಹೊರ್ರಿ ಪಾಲಯ್ಯ. ಈ ಮಾತು ಹಾಕ್ದೋರು ನೀವು, ಅದ್ರ ಭಾರ ನಿಮಗೇ ಚೆನ್ನಾಗಿ ಗೊತ್ತಿರ್ತತೆ."

ತಾನೇ ತೋಡಿದ ಹಳ್ಳ. ಒಲ್ಲೆನೆಂದರೆ ಸಂಧಾನ ಮುರಿಯುತ್ತದೆ. ಪಾಲಯ್ಯ ಒಪ್ಪಿ ಬಂದ. ಊರಿಗೆ ಬಂದರೆ ಬೊಮ್ಮನಾಯಕ ಅವನನ್ನು ಪಕ್ಕಕ್ಕೆ ಕರೆದು, "ದಿಬ್ಬದ ತನಕ ನೆಟ್ಟಗೆ ಹೋಗು. ಅಲ್ಲಿಂದ ಬಲಕ್ಕೆ ತಿರುಗು, ಕೆರೆ ಪೂರ್ತಿ ನಮ್ಮ ಕಡೆ ಬೀಳ್ಬೇಕು. ತಪ್ಪಿದ್ಯೋ, ನಿನ್ನ ತಲೆ ತೆಗೆಯೋಕೆ ಆ ನಾಗತಿ ಬೇಕಾಗಿಲ್ಲ, ನಾನೇ ಸಾಕು" ಎಂದ. 

ಗೊತ್ತಾದ ದಿನ ಬೆಳಿಗ್ಗೆ ಪಡುವಣ ಬೆಟ್ಟದ ಬುಡದಲ್ಲಿ ಅವನ ತಲೆಗೆ ಹೆಂಟೆ ಏರಿಸಿದರು. ಎಡಕ್ಕೆ ಬೊಮ್ಮನಾಯಕನ ಕುದುರೆ, ಬಲಕ್ಕೆ ನಾಗತಿಯ ಪಲ್ಲಕ್ಕಿ, ಎರಡೂ ಬದಿಗೆ ಕೈಯಲ್ಲಿ ಆಯುಧ ಹಿಡಿದ ಮಂದಿ. ಹಿಂದಿನವರು ಅವನ ಹೆಜ್ಜೆಯ ಮೇಲೆ ಕಲ್ಲು ನೆಡುತ್ತ ಬಂದರು. ಬಿಸಿಲೇರಿದಂತೆ ಕೆಸರು ನೀರು ಕಣ್ಣಿಗಿಳಿಯಿತು, ಒರೆಸಿಕೊಳ್ಳುವಂತಿಲ್ಲ. ಎರಡು ಕೈಯೂ ಮೇಲೆ. ಯಾರಾದರೂ ಕೆಮ್ಮಿದರೆ ಕತ್ತಿ ಹಿರಿದರೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು. ಬಲಕ್ಕೆ ತಿರುಗಿದರೆ ತೊರೆಕೋಟೆಯವರು ಇಂದಲ್ಲದಿದ್ದರೆ ಮುಂದಿನ ಸುಗ್ಗಿಗೆ ದಂಡೆತ್ತಿ ಬರುತ್ತಾರೆ. ಎಡಕ್ಕೆ ತಿರುಗಿದರೆ ತನ್ನ ಒಡೆಯನೇ ಸುಮ್ಮನಿರುವುದಿಲ್ಲ. ನೆಟ್ಟಗೆ ನಡೆದರೆ ಕೆರೆ ಎರಡು ಹೋಳು. ತೂಬು ಯಾರದೆಂಬ ಜಗಳ ನಾಳೆಯೇ ಶುರು. ಎತ್ತ ಕಾಲಿಟ್ಟರೂ ಯಾರದೋ ಮನೆಯ ಮಕ್ಕಳು ಮಣ್ಣಿಗೆ ಹೋಗುವುದು ಖಂಡಿತ.

ದಿಬ್ಬ ಹತ್ತಿದಾಗ ಕಾಲಡಿಯ ನೆಲ ಮೆತ್ತಗಿತ್ತು. ಇನ್ನೂ ಗಟ್ಟಿಯಾಗದ ಹೊಸ ಮಣ್ಣು. ಇದರಡಿಯಲ್ಲಿ ಓಬಳ ಎಲ್ಲಿದ್ದಾನೋ, ತಾನು ಅವನ ಎದೆಯ ಮೇಲೇ ನಿಂತಿರಬಹುದು ಎಂದು ಹೊಳೆದದ್ದೇ ಪಾಲಯ್ಯ ಮುಂದಿನ ಹೆಜ್ಜೆ ಇಡಲಿಲ್ಲ. ಬೊಮ್ಮನಾಯಕ ಬಲಕ್ಕೆ ಕುದುರೆ ತಿರುಗಿಸಿ ಕಾದ. ಪಾಲಯ್ಯ ತಿರುಗಲಿಲ್ಲ. ಮೆಲ್ಲಗೆ ಕುಳಿತು, ಮಲಗಿದ ಮಗುವನ್ನು ಇಳಿಸುವ ಹಾಗೆ ಹೆಂಟೆಯನ್ನು ನೆಲಕ್ಕಿಳಿಸಿದ.

"ಗಡಿ ಇಲ್ಲಿಗೆ ಮುಗೀತು" ಎಂದ. "ಇನ್ನು ಮುಂದಕ್ಕೆ ಗಡಿ ಇಲ್ಲ. ಕೆರೆ ಇಬ್ಬರ್ದೂ ಹೌದು."

ಬೊಮ್ಮನಾಯಕ ಕತ್ತಿ ಹಿರಿದು ಕುದುರೆಯಿಂದ ಧುಮುಕಿದ. ತೊರೆಕೋಟೆಯವರೂ ಹಿರಿದರು. ಇನ್ನೊಂದು ಗಳಿಗೆ ಕಳೆದಿದ್ದರೆ ದಿಬ್ಬ ಮತ್ತಷ್ಟು ಎತ್ತರವಾಗುತ್ತಿತ್ತು. ಪಾಲಯ್ಯ ಕತ್ತು ಬಗ್ಗಿಸಿಕೊಂಡೇ ಇದ್ದ. ಆಗ ನಾಗತಿ ಪಲ್ಲಕ್ಕಿಯಿಂದಿಳಿದು ಬಂದು ಅವನ ನೆತ್ತಿಯ ಮೇಲೆ ಕೈಯಿಟ್ಟಳು.

"ನಾಯಕರೇ, ಕತ್ತಿ ಒಳಗಿಡ್ರಿ. ಕರಾರಿನ ಪ್ರಕಾರ ಈ ತಲೆ ನಂದು. ನನ್ನ ಸೊತ್ತು ಎಲ್ಲಿಡ್ಬೇಕು ಅಂತ ನಾನು ಹೇಳ್ತೀನಿ. ಅದು ಎಲ್ಲೈತೋ ಅಲ್ಲೇ ಇರ್ಲಿ. ನಿಮ್ಮೋರು ಯಾರಾದ್ರೂ ಅದನ್ನ ಮುಟ್ಟಿದ್ರೆ ಕರಾರು ಮುರಿದ್ರಿ ಅಂತ ತಿಳ್ಕಂತೀನಿ."

 ಬೊಮ್ಮನಾಯಕನ ಮಂತ್ರಿಯೇ ಬಿಗಿದ ಕರಾರು, ಎಲ್ಲರೆದುರು ನಾಯಕನೇ ಒಪ್ಪಿದ್ದು. ಕತ್ತಿ ಒರೆಗೆ ಹೋಯಿತು. ಆದರೆ ಅವನು ಪಾಲಯ್ಯನಿಗೆ ಕೋಟೆಯ ಬಾಗಿಲು ಮುಚ್ಚಿದ. ತೊರೆಕೋಟೆಗೆ ಹೋಗಲು ಪಾಲಯ್ಯನಿಗೇ ಮನಸ್ಸು ಬರಲಿಲ್ಲ. ದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡು ಕೆರೆ ಕಾಯುತ್ತ ಉಳಿದ. ನೆಮ್ಮದಿಯಾಗಿ ಉಳಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ದೂರದಲ್ಲಿ ಧೂಳೆದ್ದರೆ ದಂಡು ಬಂತೆಂದು ಎದ್ದು ನಿಲ್ಲುತ್ತಿದ್ದನಂತೆ. ಕೆರೆ ತುಂಬಿದ ವರ್ಷ ಹೆದರಿದ, ಬತ್ತಿದ ವರ್ಷ ಇನ್ನೂ ಹೆದರಿದ. ಅವನು ಇಳಿಸಿದ ಹೆಂಟೆ ಮೊದಲ ಮಳೆಗೇ ಕರಗಿತು. ದಂಡು ಮಾತ್ರ ಅವನು ಸಾಯುವವರೆಗೂ ಬರಲಿಲ್ಲ, ಆಮೇಲೂ ಬರಲಿಲ್ಲ ಎನ್ನುತ್ತಾರೆ.

ಈಗ ಹೋದವರಿಗೆ ಪಡುವಣ ಬೆಟ್ಟದಿಂದ ಸಾಲಾಗಿ ಬರುವ ಗಡಿಕಲ್ಲುಗಳು ಕಾಣುತ್ತವೆ. ಕೆಲವು ವಾಲಿವೆ, ಕೆಲವನ್ನು ಯಾರೋ ಪುಣ್ಯಾತ್ಮರು ದನದ ಕೊಟ್ಟಿಗೆಗೆ ಒಯ್ದಿದ್ದಾರೆ. ದಿಬ್ಬದ ನೆತ್ತಿಗೆ ಬಂದು ಸಾಲು ನಿಂತುಬಿಡುತ್ತದೆ, ಅಲ್ಲಿಂದಾಚೆ ನೀರು. ಕೆರೆಯ ಮೆಟ್ಟಿಲ ಮೇಲೆ ಎರಡೂ ಊರಿನ ಹೆಂಗಸರು ಬಟ್ಟೆ ಒಗೆಯುತ್ತಾರೆ. ಒಗೆಯುವ ಕಲ್ಲಿಗಾಗಿ ಜಗಳವಾಡುತ್ತಾರೆ, ಸೋಪಿಗಾಗಿ ಬೈದಾಡುತ್ತಾರೆ, ಒಬ್ಬರ ಬಿಂದಿಗೆಯನ್ನು ಇನ್ನೊಬ್ಬರು ಒದೆಯುವುದೂ ಉಂಟು. ಇದು ನಮ್ಮ ನೀರು ಎಂದು ಮಾತ್ರ ಯಾರೂ ಅನ್ನುವುದಿಲ್ಲ.